ಎರಡು ಸಲದ ಬೆವರು

ಏಪ್ರಿಲ್ ತಿಂಗಳಲ್ಲಿ ಸಿಂಧನೂರಿನಲ್ಲಿ ಒಬ್ಬರು ಬೆವರಿದರೆ ಯಾರೂ ತಿರುಗಿ ನೋಡುವುದಿಲ್ಲ. ಎಲ್ಲರ ಅಂಗಿಯೂ ಬೆನ್ನಿಗೆ ಅಂಟಿಕೊಂಡಿರುತ್ತದೆ. ನಮ್ಮಪ್ಪ ಆ ಮಧ್ಯಾಹ್ನ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಭತ್ತದ ಲೆಕ್ಕ ಬರೆಯುತ್ತಾ ಕೂತಿದ್ದರು. ಮೂವತ್ತು ವರ್ಷದಿಂದ ಅದೇ ಅಂಗಡಿ, ಅದೇ ಗುಮಾಸ್ತಿಕೆ. ಎರಡು ಗಂಟೆ ಸುಮಾರಿಗೆ ಅಂಗಿ, ಬನಿಯನ್ ಎರಡೂ ತೊಯ್ದು ಹೋದವು. ಉಸಿರು ಸ್ವಲ್ಪ ಭಾರ ಅನ್ನಿಸಿತು. ಎದೆ ನೋವು ಇರಲಿಲ್ಲ. ಚೀಲ ಇಳಿಸುತ್ತಿದ್ದ ಹಮಾಲನೊಬ್ಬ ನೋಡಿ, "ಯಣ್ಣಾ, ಆರಾಮ ಇಲ್ಲೇನು?" ಅಂತ ಕೇಳಿದನಂತೆ. "ಬಿಸಿಲಿಗೆ ಬೆವರು ಬರದ ಇರ್ತದೇನು" ಅಂದು ಅಪ್ಪ ಮಜ್ಜಿಗೆ ತರಿಸಿ ಕುಡಿದರು. ಸಂಜೆ ಲೆಕ್ಕ ಕೂಡಿಸಿ, ಅಂಗಡಿ ಮುಚ್ಚಿಸಿ, ನಡೆದುಕೊಂಡೇ ಮನೆಗೆ ಬಂದರು.

ರಾತ್ರಿ ವಾಂತಿಯಾಯಿತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಎದ್ದು ಕೂತರು. ತಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದ. ಇಸಿಜಿ ತೆಗೆದವರು ಚೀಟಿ ಕೈಯಲ್ಲಿ ಹಿಡಿದುಕೊಂಡೇ ಹೇಳಿದರು: ಹಾರ್ಟ್ ಅಟ್ಯಾಕ್ ಆಗಿದೆ, ಆಗಿ ಏಳೆಂಟು ತಾಸು ಆಗಿರಬಹುದು.

ಎದೆ ನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗುತ್ತದೆ ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ಹದಿನಾಲ್ಕು ವರ್ಷದಿಂದ ಶುಗರ್ ಇತ್ತು. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ನರಗಳು ಸವೆಯುತ್ತವೆ. ಕಾಲು ಜೋಮು ಹಿಡಿಯುವುದು, ಚಪ್ಪಲಿ ಜಾರಿ ಬಿದ್ದರೂ ತಿಳಿಯದಿರುವುದು ನಮಗೆ ಗೊತ್ತಿದ್ದ ಸಂಗತಿ. ಹೃದಯದ ನೋವನ್ನು ಹೊತ್ತು ತರುವ ನರಗಳೂ ಹಾಗೇ ಸವೆಯುತ್ತವೆ. ಆಗ ನೋವಿನ ಬದಲು ಬೆವರು ಬರುತ್ತದೆ, ಸುಸ್ತು ಬರುತ್ತದೆ, ಉಸಿರು ಏರುತ್ತದೆ, ಹೊಟ್ಟೆ ತೊಳಸುತ್ತದೆ. ನಮ್ಮ ಬಿಸಿಲಿನ ಊರುಗಳಲ್ಲಿ ಇವೆಲ್ಲಕ್ಕೂ ಒಂದೊಂದು ಸುಲಭದ ಕಾರಣ ಸಿಕ್ಕಿಬಿಡುತ್ತದೆ. ಇದನ್ನು ಓದುವ ಯಾರ ಮನೆಯಲ್ಲಾದರೂ ಹಳೇ ಶುಗರ್ ಇರುವವರಿದ್ದರೆ ಇಷ್ಟು ಮಾಡಿ: ಕೆಲಸವಿಲ್ಲದೆ ಕೂತಿದ್ದಾಗ ಧಾರಾಕಾರ ಬೆವರು ಬಂದರೆ ಮಜ್ಜಿಗೆ ಕೊಟ್ಟು ಸುಮ್ಮನಾಗಬೇಡಿ, ಇಸಿಜಿ ಮಾಡಿಸಿ. ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಬೇಗ ಹೋದಷ್ಟೂ ಅದರಿಂದ ಉಪಯೋಗ.

ನಾನು ಬಳ್ಳಾರಿಯಲ್ಲಿರುವುದರಿಂದ ಅಪ್ಪನನ್ನು ಇಲ್ಲಿಗೇ ಕರೆತಂದರು. ದಢೇಸೂಗೂರು ಸೇತುವೆ ದಾಟುವಾಗ ಅಪ್ಪ ಕಿಟಕಿ ಕಡೆ ತಲೆಯೆತ್ತಿ, ಹೊಳೆಯಲ್ಲಿ ನೀರಿದೆಯಾ ಅಂತ ಕೇಳಿದರಂತೆ. ಭತ್ತದ ಲೆಕ್ಕ ಬರೆದವರಿಗೆ ತುಂಗಭದ್ರೆಯ ಚಿಂತೆ ಬಿಡುವುದಿಲ್ಲ. ಬೆಳಗಿನ ಜಾವ ಸ್ಟೆಂಟ್ ಹಾಕಿದರು. ಐಸಿಯು ಬಾಗಿಲಲ್ಲಿ ನಿಂತು ನೋಡಿದಾಗ ಹಾಸಿಗೆಯ ಪಕ್ಕ ಒಂದು ಚಿಕ್ಕ ಯಂತ್ರ ಕಾಣಿಸಿತು. ಅದರೊಳಗೆ ದೊಡ್ಡ ಸಿರಿಂಜು, ಅದರಿಂದ ಅಪ್ಪನ ಕೈಗೆ ಸಣ್ಣ ಕೊಳವೆ. ಇನ್ಸುಲಿನ್. ಭರ್ತಿಯಾದಾಗ ಸಕ್ಕರೆ 386 ಇತ್ತು.

ಎಚ್ಚರವಾದ ಮೇಲೆ ಅಪ್ಪ ಎದೆ ಬಗ್ಗೆ ಏನೂ ಕೇಳಲಿಲ್ಲ. ಆ ಕೊಳವೆ ತೋರಿಸಿ ಕೇಳಿದರು. ಹೇಳಿದಾಗ ಕಣ್ಣು ಮುಚ್ಚಿಕೊಂಡರು. "ಮುಗೀತು ಬಿಡವ್ವಾ. ಇನ್ಸುಲಿನ್‌ಗೆ ಬಂದ್ರ ಕಡೀ ಸ್ಟೇಜು."

ಈ ಮಾತು ನಮ್ಮ ಕಡೆ ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಗುಳಿಗೆ ತಿನ್ನುವವರೆಗೆ ಶುಗರ್ ಒಂದು ರೋಗವೇ ಅಲ್ಲ, ಸೂಜಿ ಬಂದ ದಿನ ಮನುಷ್ಯನ ಕಥೆ ಮುಗಿಯಿತು. ಹೀಗೇ ನಂಬಿದ್ದೇವೆ. ಅಪ್ಪನಿಗೂ ಎರಡು ವರ್ಷದ ಹಿಂದೆಯೇ ಡಾಕ್ಟರು ಇನ್ಸುಲಿನ್ ಬೇಕು ಅಂದಿದ್ದರಂತೆ. ನಮಗೆ ಹೇಳದೆ ಡಾಕ್ಟರನ್ನೇ ಬದಲಾಯಿಸಿದ್ದರು. ಆ ಎರಡು ವರ್ಷ ಈಗಲೂ ನನಗೆ ನೋವು ಕೊಡುತ್ತದೆ.

ಅಲ್ಲಿದ್ದ ಹೃದಯದ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಅಪ್ಪನ ಪಕ್ಕ ಕೂತರು. "ಯಜಮಾನ್ರೇ, ಇದು ಶಿಕ್ಷೆ ಅಲ್ರಿ" ಅಂತ ಶುರು ಮಾಡಿದರು. ಹೃದಯಕ್ಕೆ ಪೆಟ್ಟು ಬಿದ್ದಾಗ ದೇಹ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ಸುರಿಸುತ್ತದೆ. ಅವು ಲಿವರಿಗೆ ಸಕ್ಕರೆ ಬಿಡು ಅನ್ನುತ್ತವೆ, ಇರುವ ಇನ್ಸುಲಿನ್ನಿಗೆ ಕೆಲಸ ಮಾಡಲು ಬಿಡುವುದಿಲ್ಲ. ಶುಗರ್ ಇಲ್ಲದವರಿಗೂ ಆ ಹೊತ್ತಿನಲ್ಲಿ ಸಕ್ಕರೆ ಏರುವುದುಂಟು. ಗುಳಿಗೆ ನುಂಗಿದರೆ ಅದು ಯಾವಾಗ ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ. ಆಂಜಿಯೋಗ್ರಾಮಿಗೆ ಬಣ್ಣದ ಮದ್ದು ಬಿಟ್ಟಿರುವುದರಿಂದ, ಕಿಡ್ನಿ ಹೇಗಿದೆ ನೋಡುವ ತನಕ ಶುಗರಿನ ಗುಳಿಗೆಯಾದ ಮೆಟ್‌ಫಾರ್ಮಿನ್ ನಿಲ್ಲಿಸಿದ್ದರು. ಇನ್ಸುಲಿನ್ ಆದರೆ ತಾಸಿಗೊಮ್ಮೆ ಬೆರಳು ಚುಚ್ಚಿ ನೋಡಿ ಹೆಚ್ಚು ಕಡಿಮೆ ಮಾಡಬಹುದು. ಅಪ್ಪ ಕೇಳಿಸಿಕೊಂಡರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಸಂಜೆ ಹೊತ್ತಿಗೆ ಸಕ್ಕರೆ 160ಕ್ಕೆ ಇಳಿಯಿತು. ಸಿಸ್ಟರ್ ಬಂದು ಪಂಪಿನ ವೇಗ ಕಡಿಮೆ ಮಾಡಿದರು. ತಮ್ಮ ಕೇಳಿದ, "ಇನ್ನೂ ಇಳಿಸಬಹುದಲ್ರಿ, ನೂರಕ್ಕ ತರಬಹುದಲ್ಲ?" ಸಿಸ್ಟರ್ ಬರೆಯುತ್ತಲೇ ಅಂದರು, "ಇಷ್ಟ ಸಾಕು. ಇದಕ್ಕಿಂತ ಇಳಿಸಬಾರ್ದು." ಆಗ ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅದರ ಹಿಂದೆ ನಲವತ್ತೈವತ್ತು ವರ್ಷದ ಹುಡುಕಾಟ ಇದೆ ಅಂತ ತಿಳಿದದ್ದು ಆಮೇಲೆ, ಆಸ್ಪತ್ರೆಯ ಬೆಂಚಿನ ಮೇಲೆ ನಿದ್ದೆ ಬಾರದ ರಾತ್ರಿಗಳಲ್ಲಿ ಮೊಬೈಲಿನಲ್ಲಿ ಓದುತ್ತಾ ಹೋದಾಗ.

ಮೊದಲ ಹೆಸರು ಮೆಕ್ಸಿಕೋದ ಡಾಕ್ಟರ್ ಸೋಡಿ ಪಲ್ಲಾರೆಸ್ ಅವರದು. 1962ರಲ್ಲಿ ಅವರು ಹಾರ್ಟ್ ಅಟ್ಯಾಕ್ ಆದವರಿಗೆ ಗ್ಲೂಕೋಸ್, ಇನ್ಸುಲಿನ್, ಪೊಟ್ಯಾಸಿಯಂ ಮೂರನ್ನೂ ಸೇರಿಸಿ ರಕ್ತನಾಳಕ್ಕೆ ಬಿಡುವ ಉಪಾಯ ಹೇಳಿದರು. ರಕ್ತ ಸಾಲದೆ ಒದ್ದಾಡುವ ಹೃದಯದ ಸ್ನಾಯು ಕೊಬ್ಬನ್ನು ಉರಿಸಿದರೆ ಆಮ್ಲಜನಕ ಜಾಸ್ತಿ ಬೇಕಾಗುತ್ತದೆ. ಸಕ್ಕರೆ ಉರಿಸಿದರೆ ಕಡಿಮೆ ಸಾಕು. ಆ ಸಕ್ಕರೆಯನ್ನು ಒಳಗೆ ಕಳಿಸುವುದು, ರಕ್ತದಲ್ಲಿ ಕೊಬ್ಬಿನ ಅಂಶ ತಗ್ಗಿಸುವುದು ಎರಡೂ ಇನ್ಸುಲಿನ್ ಮಾಡಬಲ್ಲದು. ಕೇಳಿದರೆ ಎಷ್ಟು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ 2005ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಅದರಲ್ಲಿ ಭಾರತದವರೂ ಇದ್ದರು, ಚೀನಾದವರೂ ಇದ್ದರು. ಆ ಮಿಶ್ರಣ ಬಿಟ್ಟವರಲ್ಲೂ ಬಿಡದವರಲ್ಲೂ ಸಾವಿನ ಪ್ರಮಾಣ ಒಂದೇ ಆಗಿತ್ತು.

ಶುಗರ್ ಇರುವವರ ಕಥೆ ಬೇರೆ ದಾರಿಯಲ್ಲಿ ಸಾಗಿತು. ಸ್ವೀಡನ್ನಿನ 19 ಆಸ್ಪತ್ರೆಗಳಲ್ಲಿ, ಹಾರ್ಟ್ ಅಟ್ಯಾಕ್ ಆದ 620 ಮಂದಿ ಶುಗರ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಡಿಗಾಮಿ ಅಂತ ಆ ಅಧ್ಯಯನದ ಹೆಸರು. ಒಂದು ಗುಂಪಿಗೆ ಕನಿಷ್ಠ ಒಂದು ದಿನ ಇನ್ಸುಲಿನ್ ಮತ್ತು ಗ್ಲೂಕೋಸ್ ಡ್ರಿಪ್, ಆಮೇಲೆ ಕನಿಷ್ಠ ಮೂರು ತಿಂಗಳು ದಿನಕ್ಕೆ ನಾಲ್ಕು ಸಲ ಸೂಜಿ. ಇನ್ನೊಂದಕ್ಕೆ ಎಂದಿನ ಚಿಕಿತ್ಸೆ. 1995ರಲ್ಲಿ ಫಲಿತಾಂಶ ಬಂತು. ಒಂದು ವರ್ಷದೊಳಗೆ ಎಂದಿನ ಚಿಕಿತ್ಸೆಯವರಲ್ಲಿ ನೂರಕ್ಕೆ 26 ಜನ ತೀರಿಕೊಂಡಿದ್ದರೆ, ಇನ್ಸುಲಿನ್ ಗುಂಪಿನಲ್ಲಿ 19 ಜನ. ಆ ಅಂಕಿ ಓದಿದಾಗ ನಾನು ಎದ್ದು ಹೋಗಿ ಐಸಿಯು ಗಾಜಿನಿಂದ ಅಪ್ಪನ ಪಂಪನ್ನು ಮತ್ತೊಮ್ಮೆ ನೋಡಿ ಬಂದೆ.

ಅದೇ ತಂಡ ಮತ್ತೆ ಪರೀಕ್ಷೆ ಮಾಡಿತು. 1,253 ಜನ, ಮೂರು ಗುಂಪು. 2005ರಲ್ಲಿ ಬಂದ ಉತ್ತರ: ವ್ಯತ್ಯಾಸ ಇಲ್ಲ. ಇದನ್ನು ಓದಿ ಇನ್ಸುಲಿನ್ ಸೋತಿತು ಅಂದುಕೊಳ್ಳುವುದು ತಪ್ಪು ಅಂತ ನನಗೆ ಅನ್ನಿಸುತ್ತದೆ. ಈ ಸಲ ಮೂರೂ ಗುಂಪಿನವರ ಸಕ್ಕರೆ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿತ್ತು. ಅಂದರೆ ಸಕ್ಕರೆಯನ್ನು ಹದಕ್ಕೆ ತರುವುದು ಮುಖ್ಯ, ಸೂಜಿಯಿಂದಲೇ ತರಬೇಕು ಅಂತೇನಿಲ್ಲ. ನಾನು ಅದನ್ನು ಹಾಗೆ ಓದಿಕೊಂಡೆ. ಸೂಜಿಯ ಭಯ ಇರುವವರಿಗೆ ಇನ್ನೊಂದು ಮಾತು: 2012ರಲ್ಲಿ ಬಂದ ಓರಿಜಿನ್ ಅಧ್ಯಯನದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಆರು ವರ್ಷ ನೋಡಿದರು. ಅವರಲ್ಲಿ ಅರ್ಧ ಜನಕ್ಕೆ ದಿನಕ್ಕೊಮ್ಮೆ ಗ್ಲಾರ್ಜಿನ್ ಇನ್ಸುಲಿನ್. ಅದರಿಂದ ಹೃದಯದ ತೊಂದರೆ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ.

ಸಿಸ್ಟರ್ ಹೇಳಿದ "ಇಷ್ಟ ಸಾಕು" ಅನ್ನುವ ಮಾತಿಗೆ ಉತ್ತರ ಸಿಕ್ಕಿದ್ದು 2009ರ ನೈಸ್ ಶುಗರ್ ಅನ್ನುವ ಅಧ್ಯಯನದಲ್ಲಿ. ಅದರಲ್ಲಿದ್ದದ್ದು ಬರೀ ಹೃದಯದ ರೋಗಿಗಳಲ್ಲ, ಐಸಿಯುನಲ್ಲಿದ್ದ ಬೇರೆ ಬೇರೆ ಕಾಯಿಲೆಯ ಆರು ಸಾವಿರ ಜನ. ಅರ್ಧ ಜನಕ್ಕೆ ಸಕ್ಕರೆಯನ್ನು 81ರಿಂದ 108ರೊಳಗೆ ಬಿಗಿಯಾಗಿ ಹಿಡಿದರು. ಉಳಿದವರಿಗೆ 180 ದಾಟದಿದ್ದರೆ ಸಾಕು ಅಂತ ಬಿಟ್ಟರು. ಬಿಗಿಯಾಗಿ ಹಿಡಿದ ಗುಂಪಿನಲ್ಲೇ ಹೆಚ್ಚು ಜನ ಸತ್ತರು: ನೂರಕ್ಕೆ 27.5, ಇನ್ನೊಂದರಲ್ಲಿ 24.9. ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದದ್ದೂ ಬಿಗಿ ಹಿಡಿದವರಲ್ಲೇ ಬಹಳ ಜಾಸ್ತಿ. ಆದ್ದರಿಂದಲೇ ಈಗ ಐಸಿಯುಗಳಲ್ಲಿ 180 ದಾಟಿ ನಿಂತರೆ ಇನ್ಸುಲಿನ್ ಶುರು ಮಾಡುತ್ತಾರೆ, ಸಾಮಾನ್ಯವಾಗಿ 140ರಿಂದ 180ರ ನಡುವೆ ಇಡುತ್ತಾರೆ.

ಇಷ್ಟೆಲ್ಲ ಓದಿದ್ದೆ. ಮನೆಗೆ ಹೋದ ಮೇಲೆ ನಾವು ಮಾಡಿದ್ದೇ ಬೇರೆ.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 10 ದಾಟಿತ್ತು. ಹಾಗಾಗಿ ಬೆಳಿಗ್ಗೆ, ಸಂಜೆ ಎರಡು ಹೊತ್ತು 30/70 ಮಿಶ್ರಣದ ಇನ್ಸುಲಿನ್ ಬರೆದರು. ಜೊತೆಗೆ ರಕ್ತ ತೆಳು ಮಾಡುವ ಗುಳಿಗೆ, ಕೊಲೆಸ್ಟ್ರಾಲ್ ಗುಳಿಗೆ, ಹೃದಯದ ಬಡಿತ ತಗ್ಗಿಸುವ ಮೆಟೊಪ್ರೊಲಾಲ್. ಅಪ್ಪ ಕೆಂಪು ಬಟ್ಟೆ ಹೊದಿಸಿದ ಒಂದು ಉದ್ದನೆಯ ಖಾತೆ ಪುಸ್ತಕ ತೆಗೆದು ಸಕ್ಕರೆಯ ಲೆಕ್ಕ ಶುರು ಮಾಡಿದರು. ತಾರೀಖು, ಹೊತ್ತು, ಅಂಕಿ. ಅಂಕಿ ಇಳಿದ ದಿನ ಮನೆಯಲ್ಲಿ ಎಲ್ಲರ ಮುಖ ಅರಳುತ್ತಿತ್ತು. ನಾನು ಬಳ್ಳಾರಿಯಿಂದ ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ "ಎಷ್ಟಕ್ಕ ಇಳೀತು?" ಎಲ್ಲಿಗೆ ನಿಲ್ಲಬೇಕು ಅಂತ ಒಬ್ಬರೂ ಕೇಳಲಿಲ್ಲ.

ಹದಿನೈದು ದಿನ ಎಲ್ಲ ಸರಿ ಇತ್ತು. ಆಮೇಲೆ ಯಾಕೋ ಸಕ್ಕರೆ ಏರತೊಡಗಿತು. 280, 310, 325. ಅವ್ವ ಅನ್ನ ಕಡಿಮೆ ಮಾಡಿ ರೊಟ್ಟಿ ಮಾಡಿದಳು. ಆಮೇಲೆ ರೊಟ್ಟಿಯನ್ನೂ ಕಡಿಮೆ ಮಾಡಿದಳು. ಪಕ್ಕದ ಮನೆಯವರು ಕದ್ದು ಏನಾದರೂ ತಿನ್ನುತ್ತಾರೇನೋ ನೋಡಿ ಅಂದರು. ಅಪ್ಪನಿಗೆ ಆ ಮಾತು ಬಹಳ ನೋವಾಯಿತು. ಡಾಕ್ಟರಿಗೆ ಫೋನ್ ಮಾಡಿದೆವು. ಸಂಜೆಯ ಡೋಸು 20 ಇದ್ದದ್ದನ್ನು ಎರಡು ಮೂರು ಹಂತದಲ್ಲಿ 28ಕ್ಕೆ ಏರಿಸಲು ಹೇಳಿದರು. ನಾವು ಕೊಟ್ಟ ಅಂಕಿ ನೋಡಿದರೆ ಅದು ಸರಿಯಾದ ಸಲಹೆಯೇ.

ಮೇ ತಿಂಗಳ ನಡುವಿನ ಒಂದು ರಾತ್ರಿ ಕರೆಂಟ್ ಹೋಯಿತು. ಫ್ಯಾನ್ ಇಲ್ಲ. ಎಲ್ಲರೂ ಬೆವರುತ್ತಿದ್ದರು. ಅವ್ವ ಬೀಸಣಿಕೆ ಹಿಡಿದು ಅಪ್ಪನ ಪಕ್ಕ ಕೂತಿದ್ದಳು. ಬನಿಯನ್ ಒದ್ದೆಯಾಗಿತ್ತು, ದಿಂಬು ಒದ್ದೆಯಾಗಿತ್ತು. ಸೆಕೆ ಅಂದುಕೊಂಡಳು. ಮೂರು ಗಂಟೆ ಹೊತ್ತಿಗೆ ಅಪ್ಪ ಏನೋ ಗೊಣಗಿದರು. "ತೂಕದ ಚೀಟಿ ಎಲ್ಲಿ, ಚೀಟಿ ಕೊಡ್ರಿ" ಅಂತ. ತಮ್ಮ ಕನಸು ಅಂದುಕೊಂಡ. ಅವ್ವ ಬೆವರು ಒರೆಸಲು ಹಣೆ ಮುಟ್ಟಿದವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಲೇ ತಮ್ಮಾ, ಮೈ ತಣ್ಣಗ ಐತೋ."

ಆ ಸೆಕೆಯಲ್ಲಿ ಗೋಡೆ ಕೂಡ ಬಿಸಿ ಇರುತ್ತದೆ. ಅದರಲ್ಲಿ ಮನುಷ್ಯನ ಮೈ ತಣ್ಣಗೆ. ತಮ್ಮ ಮೊಬೈಲ್ ಟಾರ್ಚ್ ಹಾಕಿ ಬೆರಳು ಚುಚ್ಚಿದ. 44.

ಸಕ್ಕರೆ ನೀರು ಕಲಸಿ ತಂದರೆ ಅಪ್ಪ ಹಲ್ಲು ಕಚ್ಚಿ ಹಿಡಿದರು. ಅರೆ ಪ್ರಜ್ಞೆಯಲ್ಲೂ "ಸಕ್ರಿ ಒಲ್ಲೆ, ಸಕ್ರಿ ಒಲ್ಲೆ" ಅನ್ನುತ್ತಿದ್ದರು. ಹದಿನಾಲ್ಕು ವರ್ಷ ನಾವೆಲ್ಲ ಸೇರಿ ಅವರಿಗೆ ಕಲಿಸಿದ್ದು ಅದೊಂದನ್ನೇ. ಅವ್ವ ಅವರ ಗದ್ದ ಹಿಡಿದು, ಮಗುವಿಗೆ ರಮಿಸಿದ ಹಾಗೆ ರಮಿಸಿ, ಗುಟುಕು ಗುಟುಕಾಗಿ ಕುಡಿಸಿದಳು. ನುಂಗುವಷ್ಟು ಎಚ್ಚರ ಇತ್ತು, ಪುಣ್ಯ. ಎಚ್ಚರ ಪೂರ್ತಿ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಶ್ವಾಸಕ್ಕೆ ಹೋಗುತ್ತದೆ. ಆಗ ಆಸ್ಪತ್ರೆಗೇ ಓಡಬೇಕು. ಹದಿನೈದು ನಿಮಿಷಕ್ಕೆ ಮತ್ತೆ ನೋಡಿದರೆ 79. ಅರ್ಧ ರೊಟ್ಟಿ, ಹಾಲು ಕೊಟ್ಟರು. ಅಪ್ಪ ಎದ್ದು ಕೂತು, ಯಾಕೆ ಎಲ್ಲರೂ ಎಚ್ಚರ ಇದ್ದೀರಿ ಅಂತ ಕೇಳಿದರಂತೆ.

ನಾನು ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಡೋಸು ಸರಿ, ಬಾಟಲಿ ಸರಿ, ಊಟ ಸರಿ. ಏನೂ ತಿಳಿಯಲಿಲ್ಲ. ಬಳಸಿದ ಸೂಜಿಗಳನ್ನು ಅಪ್ಪ ಟೋಪಿ ಹಾಕಿ ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿಡುತ್ತಿದ್ದರು. ಸುಮ್ನೆ ಅದನ್ನು ಕೈಗೆತ್ತಿಕೊಂಡೆ. ತಳದಲ್ಲಿ ಕೆಂಪು ಟೋಪಿಗಳು. ನಡುವೆ ಕಿತ್ತಳೆ ಬಣ್ಣದವು. ಮೇಲೆ ಮತ್ತೆ ಎರಡೇ ಎರಡು ಕೆಂಪು.

ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಗೆ 40 ಯೂನಿಟ್. ಅದಕ್ಕೆ ಕೆಂಪು ಟೋಪಿಯ ಸಿರಿಂಜ್. ಒಂದು ಮಿಲಿಗೆ 100 ಯೂನಿಟ್ ಇರುವ ಇನ್ಸುಲಿನ್ನಿಗೆ ಕಿತ್ತಳೆ ಟೋಪಿಯದು. ಆಸ್ಪತ್ರೆಯಿಂದ ತಂದ ಕೆಂಪು ಮುಗಿದಾಗ ಒಂದು ಔಷಧಿ ಅಂಗಡಿಯಲ್ಲಿ ಕಿತ್ತಳೆಯದನ್ನು ಕೊಟ್ಟಿದ್ದರು. 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ. ಸಕ್ಕರೆ ಏರಿದ್ದು ಅದಕ್ಕೆ. ಅಪ್ಪ ಕದ್ದು ತಿಂದಿರಲಿಲ್ಲ. ಡೋಸು 28ಕ್ಕೆ ಏರಿಸಿದಾಗಲೂ ಹೋಗುತ್ತಿದ್ದದ್ದು 11 ಯೂನಿಟ್. ಆ ಪೊಟ್ಟಣ ಮುಗಿದು ತಮ್ಮ ಬೇರೆ ಅಂಗಡಿಯಿಂದ ಕೆಂಪು ಟೋಪಿಯದು ತಂದ. ಆ ಸಂಜೆ ಅಪ್ಪನ ಮೈಗೆ ನಿಜವಾಗಿಯೂ 28 ಯೂನಿಟ್ ಹೋಯಿತು. ಮೇಲಾಗಿ ಊಟ ಅರ್ಧಕ್ಕೆ ಇಳಿಸಿದ್ದೆವು.

ಆ ಅಂಗಡಿಯಲ್ಲಿ ಕೇಳಿದಾಗ, "ಎರಡೂ ಇನ್ಸುಲಿನ್ ಸಿರಿಂಜೇ ಅಲ್ರಿ" ಅಂದರು. ಕೂಗಾಡಬೇಕು ಅನ್ನಿಸಿತು, ಕೂಗಾಡಲಿಲ್ಲ. ಬಾಟಲಿಯ ಮೇಲಿನ 40 ಅನ್ನುವ ಅಂಕಿಯನ್ನೂ ಸಿರಿಂಜಿನ ಮೇಲಿನ 100 ಅನ್ನುವ ಅಂಕಿಯನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದೆ. ಒಂದೇ ಮದ್ದಿಗೆ ಎರಡು ಅಳತೆ ಯಾಕಿರಬೇಕು ಅನ್ನುವ ಸಿಟ್ಟು ನನಗೆ ಈಗಲೂ ಇದೆ. ಕಣ್ಣು ಮಂಜಾದ ಅಜ್ಜ ಅಜ್ಜಿಯರು, ಓದು ಬಾರದವರು ಇದನ್ನು ಹೇಗೆ ಕಂಡುಹಿಡಿಯಬೇಕು?

ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ವಿವರಿಸಿದರು. ಸಕ್ಕರೆ ಕುಸಿದಾಗ ದೇಹ ಮತ್ತೆ ಅಡ್ರಿನಲಿನ್ ಸುರಿಸುತ್ತದೆ. ಬಡಿತ ಏರುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ, ತಾಳ ತಪ್ಪುವ ಅಪಾಯ ಇರುತ್ತದೆ. ಆರು ವಾರದ ಹಿಂದೆ ಪೆಟ್ಟು ತಿಂದ ಹೃದಯ ಅದು. ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಿಗೆ ಕೈ ನಡುಕ, ಎದೆ ಬಡಿತದಂಥ ಮುನ್ಸೂಚನೆಗಳು ಮಸುಕಾಗುತ್ತವೆ. ಬೆವರು ಮಾತ್ರ ಹಾಗೇ ಉಳಿಯುತ್ತದೆ. ಅಟ್ಯಾಕ್ ಆದಾಗ ಅಪ್ಪನ ದೇಹ ಹೇಳಿದ್ದೂ ಬೆವರಿನಲ್ಲಿ, ಸಕ್ಕರೆ ಕುಸಿದಾಗ ಹೇಳಿದ್ದೂ ಬೆವರಿನಲ್ಲಿ. ಎರಡು ಸಲವೂ ನಾವು ಬಿಸಿಲನ್ನು ಬೈದುಕೊಂಡು ಕೂತಿದ್ದೆವು.

ಡೋಸು ಮೊದಲಿನ 20ಕ್ಕೆ ಬಂತು. ಕೆಲವು ತಿಂಗಳ ನಂತರ ಹೃದಯಕ್ಕೂ ಒಳ್ಳೆಯದು ಮಾಡುವ ಎಂಪಾಗ್ಲಿಫ್ಲೋಜಿನ್ ಗುಳಿಗೆ ಸೇರಿಸಿ, ಸಂಜೆಯ ಸೂಜಿ 10ಕ್ಕೆ ಇಳಿಸಿದ್ದಾರೆ. ಕಡೀ ಸ್ಟೇಜು ಅಂದಿದ್ದ ಸೂಜಿ ಅರ್ಧಕ್ಕೆ ಇಳಿದದ್ದನ್ನು ಅಪ್ಪ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದ್ದಾರೆ. ಆ ಹಮಾಲನ ತಾಯಿಗೂ ಡಾಕ್ಟರು ಇನ್ಸುಲಿನ್ ಹೇಳಿದ್ದರಂತೆ, ಒಲ್ಲೆ ಅನ್ನುತ್ತಿದ್ದರಂತೆ. ಅಪ್ಪ ಒಂದು ಭಾನುವಾರ ಅವರ ಮನೆಗೆ ಹೋಗಿ ತಮ್ಮ ಹೊಟ್ಟೆಗೆ ತಾವೇ ಸೂಜಿ ಹಾಕಿಕೊಂಡು ತೋರಿಸಿ ಬಂದರು.

ಇನ್ಸುಲಿನ್ ಇಡುವುದೂ ನಮ್ಮ ಕಡೆ ದೊಡ್ಡ ಕೆಲಸ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಹೆಪ್ಪುಗಟ್ಟಿದರೆ ಕೆಟ್ಟಿತು, ಬಿಸಿಯಾದರೂ ಕೆಟ್ಟಿತು. ಮೇ ತಿಂಗಳಲ್ಲಿ ಮನೆಯೊಳಗೇ ನಲವತ್ತರ ಹತ್ತಿರ ಇರುತ್ತದೆ, ಕರೆಂಟ್ ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ. ಅವ್ವ ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಉಸುಕು ತುಂಬಿ ನೀರು ಹಾಕಿದ್ದಾಳೆ. ಮೇಲೆ ಒದ್ದೆ ಬಟ್ಟೆ. ಕರೆಂಟ್ ಬಹಳ ಹೊತ್ತು ಹೋದರೆ ಬಾಟಲಿ ಅದರೊಳಗೆ ಹೋಗುತ್ತದೆ. ಮೊದಲು ಬದನೆಕಾಯಿ, ಸೊಪ್ಪು ಇಡಲು ಅವಳ ಅವ್ವ ಮಾಡುತ್ತಿದ್ದ ಉಪಾಯ ಅದು.

ಅಪ್ಪನ ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಈಗ ಗ್ಲೂಕೋಸ್ ಪುಡಿಯ ಪೊಟ್ಟಣ ಇರುತ್ತದೆ. ಖಾತೆ ಪುಸ್ತಕದಲ್ಲಿ 180 ದಾಟಿದ ಅಂಕಿ ಕೆಂಪು ಶಾಯಿಯಲ್ಲಿ. 70ಕ್ಕಿಂತ ಇಳಿದದ್ದೂ ಕೆಂಪು ಶಾಯಿಯಲ್ಲೇ. ಆ 44ರ ಸುತ್ತ ಎರಡು ಸಲ ಗೆರೆ ಎಳೆದಿದ್ದಾರೆ. ಸಿರಿಂಜಿನ ಹೊಸ ಪೊಟ್ಟಣ ತಂದಾಗಲೆಲ್ಲ ಒಂದನ್ನು ಬಾಟಲಿಯ ಪಕ್ಕ ಇಟ್ಟು, ಎರಡೂ ಅಂಕಿ ಕಾಣುವ ಹಾಗೆ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡುತ್ತಾರೆ. ನಾನು ನೋಡಿ "ಹೂಂ ಅಪ್ಪ" ಅಂತ ಕಳಿಸುವ ತನಕ ಪೊಟ್ಟಣ ಬಿಚ್ಚುವುದಿಲ್ಲ.

ಇವತ್ತು ಬೆಳಿಗ್ಗೆಯೂ ಒಂದು ಬಂದಿದೆ. 40, 40. ಕೆಂಪು ಟೋಪಿ.